ಕಬ್ಬು ಕಾಯುವುದಿಲ್ಲ: ಮಂಡ್ಯದ ಕಾರ್ಖಾನೆ, ಆಲೆಮನೆ ಮತ್ತು ನಂಬಿಕೆಯ ಲೆಕ್ಕ

ಕಡಿದ ಕಬ್ಬನ್ನು 24 ಗಂಟೆಯೊಳಗೆ ಅರೆದುಬಿಡಬೇಕು ಎಂದು ಮಂಡ್ಯದ ರೈತನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೊತ್ತು ಕಳೆದಂತೆ ಜಲ್ಲೆ ಒಣಗಿ ತೂಕ ಇಳಿಯುತ್ತದೆ. ಒಳಗಿನ ಸಕ್ಕರೆ ಒಡೆದು ಹರಳುಗಟ್ಟದ ಸಿಹಿಯಾಗಿಬಿಡುತ್ತದೆ. ತೂಕ ಇಳಿದರೆ ರೈತನಿಗೆ ನಷ್ಟ, ಸಕ್ಕರೆ ಇಳಿದರೆ ಕಾರ್ಖಾನೆಗೆ ನಷ್ಟ. ಇಷ್ಟಾದರೂ ಹಂಗಾಮು ಶುರುವಾದರೆ ಸಾಕು, ಕಾರ್ಖಾನೆಗಳ ಗೇಟಿನ ಹೊರಗೆ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳೂ ಎತ್ತಿನ ಗಾಡಿಗಳೂ ಸಾಲುಗಟ್ಟಿ ನಿಲ್ಲುತ್ತವೆ. ಇಬ್ಬರಿಗೂ ಕೇಡೆಂದು ಇಬ್ಬರಿಗೂ ಗೊತ್ತಿರುವ ಕೆಲಸ ವರ್ಷ ವರ್ಷವೂ ನಡೆಯುವುದು ಏಕೆ?

ಯಂತ್ರ ಹಳೆಯದು, ಅರೆಯುವ ಸಾಮರ್ಥ್ಯ ಸಾಲದು ಎನ್ನುವುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಅದರಲ್ಲಿ ಸುಳ್ಳಿಲ್ಲ. ಆದರೆ ಇದೇ ಜಿಲ್ಲೆಯಲ್ಲಿ ಕಬ್ಬು ಸಾಲದೆ ಕಾರ್ಖಾನೆ ನಿಂತ ವರ್ಷಗಳೂ ಇವೆ, ಕಬ್ಬು ಹೆಚ್ಚಾಗಿ ಗದ್ದೆಯಲ್ಲೇ ಒಣಗಿದ ವರ್ಷಗಳೂ ಇವೆ. ಯಂತ್ರವೊಂದೇ ಕಾರಣವಾಗಿದ್ದರೆ ಈ ಎರಡೂ ಒಂದೇ ಊರಿನಲ್ಲಿ ಆಗುತ್ತಿರಲಿಲ್ಲ. ಬೆಳೆಯುವವನಿಗೂ ಅರೆಯುವವನಿಗೂ ನಡುವೆ ಇರುವ ಸಂಬಂಧವೇ ಸಡಿಲವಾಗಿದೆ ಎಂಬುದು ನನ್ನ ಅನುಮಾನ. ಪೂರೈಕೆ ಸರಪಳಿ ಎಂಬ ದೊಡ್ಡ ಮಾತನ್ನು ಈಗ ಎಲ್ಲರೂ ಆಡುತ್ತಾರೆ. ಸರಪಳಿಯಲ್ಲಿ ಕೊಂಡಿಗಳಷ್ಟೇ ಮುಖ್ಯವಾದದ್ದು ಒಂದು ಕೊಂಡಿ ಇನ್ನೊಂದನ್ನು ಹಿಡಿದಿರುವ ಬಗೆ. ಅದನ್ನು ನೋಡಲು ಸಕ್ಕರೆ ನಾಡಿಗಿಂತ ಒಳ್ಳೆಯ ಜಾಗ ಬೇರೆ ಬೇಕಿಲ್ಲ.

ಮಂಡ್ಯದ ಕಬ್ಬಿನ ಕಥೆ ನೀರಿನಿಂದ ಶುರುವಾಗುತ್ತದೆ. ಕನ್ನಂಬಾಡಿ ಕಟ್ಟೆ ಎದ್ದು, ಅಂದು ಇರ್ವಿನ್ ನಾಲೆ ಎನಿಸಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ ಮೇಲೆ, ಆ ನೀರಿಗೆ ತಕ್ಕ ಬೆಳೆ, ಆ ಬೆಳೆಗೆ ತಕ್ಕ ಕಾರ್ಖಾನೆ ಬೇಕಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ನಾವು ಕರೆಯುವ ಮೈಷುಗರ್, ಹುಟ್ಟಿತು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ, ಕೆನಡಾ ಮೂಲದ ಲೆಸ್ಲಿ ಕೋಲ್ಮನ್ ಅವರನ್ನು ಮಂಡ್ಯ ಇಂದಿಗೂ ನೆನೆಯುವುದು ಇದೇ ಕಾರಣಕ್ಕೆ. ಆಗಿನ ಯೋಜನೆಯಲ್ಲಿ ನಾಲೆ, ಗದ್ದೆ, ತಳಿ, ಕಾರ್ಖಾನೆ ಎಲ್ಲವೂ ಒಂದೇ ಆಲೋಚನೆಯ ಭಾಗಗಳಾಗಿದ್ದವು. ತೊಂಬತ್ತು ವರ್ಷಗಳ ಮೇಲೆ ನಾಲೆಯೂ ಇದೆ, ಗದ್ದೆಯೂ ಇದೆ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ಸಂಶೋಧನೆಯೂ ನಡೆದಿದೆ. ಇವುಗಳನ್ನು ಒಟ್ಟಿಗೆ ಹೊಲಿದಿದ್ದ ದಾರ ಮಾತ್ರ ನವೆದುಹೋಗಿದೆ.

ಅದರ ಜಾಗಕ್ಕೆ ಬಂದದ್ದು ಕಾನೂನು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆಯೊಂದಕ್ಕೆ ಇಂತಿಷ್ಟು ಪ್ರದೇಶವನ್ನು ಮೀಸಲಿಡಬಹುದು. ಕಬ್ಬು ಸರಬರಾಜಾದ 14 ದಿನಗಳೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. ಎರಡು ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿಲೋಮೀಟರ್ ಅಂತರ ಇರಬೇಕೆಂಬ ನಿಯಮವೂ ಉಂಟು. ಕಾಗದದ ಮೇಲೆ ಇಷ್ಟು ಅಚ್ಚುಕಟ್ಟಾಗಿ ಬಿಗಿದ ಪೂರೈಕೆ ಸರಪಳಿ ದೇಶದಲ್ಲಿ ಬೇರೆ ಯಾವ ಬೆಳೆಗೂ ಇರಲಾರದು. ಈ ಬಿಗಿಯಿಂದ ಒಂದು ಅನಾಹುತವೂ ಆಯಿತು. ಮೀಸಲು ಪ್ರದೇಶದ ಕಬ್ಬು ತನಗೆ ಸಲ್ಲಬೇಕಾದ ಪಾಲು ಎಂದು ಕಾರ್ಖಾನೆ ತಿಳಿದುಕೊಂಡಿತು. ಸಲ್ಲಬೇಕಾದ ಪಾಲಿಗಾಗಿ ಯಾರೂ ಮನೆ ಬಾಗಿಲಿಗೆ ಬಂದು ಮಾತನಾಡಿಸುವುದಿಲ್ಲ. ಕಾನೂನು ಬೇರೆ ಕಾರ್ಖಾನೆಗಳಿಂದ ರಕ್ಷಣೆ ಕೊಟ್ಟಿತು. ಗದ್ದೆಯ ಬದಿಯಲ್ಲಿ ಬೆಲ್ಲ ಕಾಯಿಸುವ ಆಲೆಮನೆಯಿಂದ ಕೊಡಲಿಲ್ಲ.

ದರದ ವಿಷಯಕ್ಕೆ ಬರೋಣ. 2009ರಿಂದ ಕೇಂದ್ರ ಸರ್ಕಾರ ಎಫ್‌ಆರ್‌ಪಿ, ಅಂದರೆ ನ್ಯಾಯಸಮ್ಮತ ಮತ್ತು ಲಾಭದಾಯಕ ದರವನ್ನು ಪ್ರಕಟಿಸುತ್ತದೆ. 2025-26ರ ಹಂಗಾಮಿಗೆ ಅದು ಟನ್ನಿಗೆ 3,550 ರೂಪಾಯಿ. ಆದರೆ ಈ ದರ ಶೇ 10.25ರಷ್ಟು ಸಕ್ಕರೆ ಇಳುವರಿ ಇರುವ, ಅಂದರೆ ನೂರು ಕಿಲೋಗೆ 10.25 ಕಿಲೋ ಸಕ್ಕರೆ ಕೊಡುವ ಕಬ್ಬಿಗೆ. ಇಳುವರಿ ಏರಿದರೆ ದರ ಏರುತ್ತದೆ, ಇಳಿದರೆ ಇಳಿಯುತ್ತದೆ. ಶೇ 9.5 ಅಥವಾ ಅದಕ್ಕಿಂತ ಕಡಿಮೆಯಾದರೆ 3,290 ರೂಪಾಯಿ 50 ಪೈಸೆಗೆ ಬಂದು ನಿಲ್ಲುತ್ತದೆ. ಅದೂ ಕಾರ್ಖಾನೆಯ ಬಾಗಿಲಿನ ದರ. ಕಟಾವು ಮತ್ತು ಸಾಗಣೆಯ ಖರ್ಚನ್ನು ಇದರಲ್ಲೇ ಕಳೆಯಬೇಕು. ಬೆಳಗಾವಿ ಕಡೆಯ ಕಬ್ಬಿಗೆ ಹೋಲಿಸಿದರೆ ಮಂಡ್ಯದ ಇಳುವರಿ ಕಡಿಮೆ. ಉತ್ತರದ ಜಿಲ್ಲೆಗಳಲ್ಲಿ ಚಳಿಯ ಹೊತ್ತಿಗೆ ಅರೆಯುವಿಕೆ ಜೋರಾಗುತ್ತದೆ. ನಮ್ಮಲ್ಲಿ ಜೂನ್, ಜುಲೈ ಹೊತ್ತಿಗೇ, ಮಳೆಯ ನಡುವೆ ಆರಂಭ. ಮಳೆಗಾಲದ ಕಬ್ಬಿನಲ್ಲಿ ನೀರು ಹೆಚ್ಚು, ಸಕ್ಕರೆ ಕಡಿಮೆ.

ಇಲ್ಲಿಯೇ ನಂಬಿಕೆ ಬಿರುಕು ಬಿಡುವುದು. ಇಳುವರಿಯನ್ನು ಅಳೆಯುವವರು ಯಾರು? ಕಾರ್ಖಾನೆಯವರು. ಅಳತೆ ಆಗುವುದು ಇಡೀ ಕಾರ್ಖಾನೆಯ ಹಂಗಾಮಿನ ಸರಾಸರಿಯಾಗಿ. ಒಳ್ಳೆಯ ತಳಿ ಹಾಕಿ, ಹದವಾಗಿ ನೀರು ಕಟ್ಟಿ, ಮಾಗಿದ ಕಬ್ಬು ಕೊಟ್ಟವನಿಗೂ, ಎಳೆಯ ಕಬ್ಬನ್ನು ಸೋಗೆಸಮೇತ ತುಂಬಿದವನಿಗೂ ಒಂದೇ ದರ. ಗುಣಮಟ್ಟಕ್ಕೆ ಬೆಲೆ ಇಲ್ಲವೆಂದ ಮೇಲೆ ರೈತ ತೂಕ ಬರುವ ಕಬ್ಬಿನ ಹಿಂದೆ ಹೋಗುತ್ತಾನೆ. ಕಾರ್ಖಾನೆ ಇಳುವರಿ ಬರುತ್ತಿಲ್ಲವೆಂದು ಗೊಣಗುತ್ತದೆ. ತೂಕದಲ್ಲಿ ಮೋಸ, ಇಳುವರಿಯಲ್ಲಿ ಮೋಸ ಎಂಬ ಮಾತು ರೈತ ಸಂಘದ ಪ್ರತಿಭಟನೆಗಳಲ್ಲಿ ಪ್ರತಿ ವರ್ಷ ಕೇಳಿಬರುತ್ತದೆ. ಅದರಲ್ಲಿ ಎಷ್ಟು ನಿಜ ಎಂಬುದು ಬೇರೆ ಪ್ರಶ್ನೆ. ರೈತನ ಕಣ್ಣೆದುರು ನಡೆಯದ ಅಳತೆ ಸರಿಯಾಗಿದ್ದರೂ ಅನುಮಾನ ತಪ್ಪಿದ್ದಲ್ಲ.

ಹಾಲಿನ ಡೇರಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಕಬ್ಬಿನ ಕಾರ್ಖಾನೆಯ ಹೆಸರೆತ್ತಿದರೆ ಮುಖ ಸಿಂಡರಿಸುವ ಅದೇ ಮನೆಯವರು ದಿನಕ್ಕೆ ಎರಡು ಸಲ ಕ್ಯಾನು ಹಿಡಿದು ಡೇರಿಗೆ ಹೋಗುತ್ತಾರೆ. ಹಾಲು ಕಬ್ಬಿಗಿಂತ ಬೇಗ ಕೆಡುತ್ತದೆ. ಆದರೆ ಅದರ ಅಳತೆ, ಜಿಡ್ಡಿನ ಪರೀಕ್ಷೆ ಊರಿನಲ್ಲೇ, ಹಾಕಿದವರ ಎದುರಿನಲ್ಲೇ ಆಗುತ್ತದೆ. ಹಣ ಸ್ವಲ್ಪವಾದರೂ ಮೇಲಿಂದ ಮೇಲೆ ಕೈಗೆ ಬರುತ್ತದೆ. ಇಂದು ಮೋಸವಾದರೆ ನಾಳೆ ಬೆಳಿಗ್ಗೆಯೇ ಕೇಳಬಹುದು. ವರ್ಷಕ್ಕೊಮ್ಮೆ ಮಾತ್ರ ಮುಖ ನೋಡುವವರ ನಡುವೆ ಇಂಥ ಸಲುಗೆ ಬೆಳೆಯುವುದು ಕಷ್ಟ. ಹಾಲಿನವರೆಲ್ಲ ಪ್ರಾಮಾಣಿಕರು ಎಂದು ನಾನು ಹೇಳುತ್ತಿಲ್ಲ. 2021ರಲ್ಲಿ ಮಂಡ್ಯದಲ್ಲಿ ಹಾಲಿಗೆ ನೀರು ಬೆರೆಸಿದ ಹಗರಣ ಬಯಲಾದಾಗ ಜಿಲ್ಲೆಯೇ ತಲೆ ತಗ್ಗಿಸಿತು. ಆದರೆ ಅದರಲ್ಲಿ ಗಮನಿಸಬೇಕಾದ ಅಂಶವಿದೆ: ನೀರು ಸೇರಿದ್ದು ಸಂಘದ ಬಾಗಿಲಲ್ಲಿ ಅಲ್ಲ, ಹಾಲು ಸಾಗಿಸುವ ಟ್ಯಾಂಕರ್‌ಗಳಲ್ಲಿ. ಕಣ್ಣುಗಳು ಹೆಚ್ಚಿದ್ದ ಕೊಂಡಿ ಉಳಿಯಿತು, ಯಾರೂ ನೋಡದ ಕೊಂಡಿ ಕೊಳೆಯಿತು.

ನಮ್ಮ ಮನೆಯ ಒಂದು ವರ್ಷದ ಮಾತು ಹೇಳಬೇಕು. ಎರಡು ಎಕರೆ ಕಬ್ಬನ್ನು ಒಂದು ಕಾರ್ಖಾನೆಗೆ ಒಪ್ಪಿಗೆ ಮಾಡಿದ್ದೆವು. ಹದಿನೈದು ದಿನದಲ್ಲಿ ಕಟಾವಿನ ಪರ್ಮಿಟ್ ಬರುತ್ತದೆ ಎಂದು ಕಾರ್ಖಾನೆಯ ಫೀಲ್ಡ್‌ಮನ್ ಹೇಳಿ ಹೋದವರು ಎರಡು ತಿಂಗಳು ಫೋನು ಎತ್ತಲಿಲ್ಲ. ಕಬ್ಬು ಹೂ ಬಿಟ್ಟಿತು. ಒಂದು ಗಾಳಿ ಮಳೆಗೆ ಅರ್ಧ ಗದ್ದೆ ಮಲಗಿತು. ಪರ್ಮಿಟ್ ಬಂದಾಗ ಕಡಿಯುವ ಗ್ಯಾಂಗ್ ಇಲ್ಲ. ಕೊನೆಗೆ ಸಿಕ್ಕ, ಬಳ್ಳಾರಿ ಕಡೆಯಿಂದ ಬಂದಿದ್ದ ಗ್ಯಾಂಗ್ ಮಲಗಿದ ಕಬ್ಬನ್ನು ಕಡಿಯಲು ಟನ್ನಿನ ಲೆಕ್ಕದ ಮೇಲೆ ಇನ್ನಷ್ಟು ಕೇಳಿತು. ಅವರದೇನೂ ತಪ್ಪಿಲ್ಲ, ಮಲಗಿದ ಕಬ್ಬಿನಲ್ಲಿ ಕೈ ಓಡುವುದಿಲ್ಲ. ಕಾರ್ಖಾನೆಯ ಲೆಕ್ಕದಲ್ಲಿ ಇದು ಎರಡು ತಿಂಗಳ ವಿಳಂಬವಷ್ಟೇ. ನಮ್ಮ ಲೆಕ್ಕದಲ್ಲಿ ತೂಕ ಹೋಯಿತು, ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆಗೆ ನೀರು ಕೊಡುವ ಹೊತ್ತು ತಪ್ಪಿತು, ಮುಂದಿನ ಬೆಳೆಯೂ ಹಿಂದೆ ಬಿತ್ತು. ಮರುವರ್ಷ ನಮ್ಮ ತಂದೆ ಆಲೆಮನೆಯವರಿಗೆ ಹೇಳಿ ಕಳುಹಿಸಿದರು. ಅವರು ಬಂದು ಗದ್ದೆಯ ಬದುವಿನ ಮೇಲೆ ನಿಂತು ಒಂದು ಜಲ್ಲೆ ಮುರಿದು ಕಚ್ಚಿದರು, ದರ ಹೇಳಿದರು, ಮುಂಗಡ ಎಣಿಸಿದರು, ಬರುವ ಗುರುವಾರ ಕಡಿಯುತ್ತೇವೆ ಎಂದರು. ಗುರುವಾರ ಕಡಿದರು. ದರ ಕಾರ್ಖಾನೆಗಿಂತ ಹೆಚ್ಚೇನೂ ಇರಲಿಲ್ಲ.

ಕೊನೆಯ ಆ ಸಾಲು ನನಗೆ ಮುಖ್ಯ. ಕಬ್ಬು ಆಲೆಮನೆಗೆ ಹೋಗುವುದು ಬೆಲ್ಲಕ್ಕೆ ಬೆಲೆ ಬಂದಾಗ ಮಾತ್ರ ಎಂದು ಕಾರ್ಖಾನೆಗಳ ಪರವಾಗಿ ಮಾತನಾಡುವವರು ವಾದಿಸುತ್ತಾರೆ. ಬೆಲ್ಲದ ಬೆಲೆ ಏರಿದಾಗ ಹೋಗುವುದು ನಿಜ. ಸಮನಾಗಿದ್ದಾಗಲೂ ಹೋಗುತ್ತದೆ ಎಂಬುದು ಅವರ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಕಟಾವಿನ ದಿನ ಗೊತ್ತಿರುವುದಕ್ಕೆ, ಹಣ ಬರುವ ದಿನ ಗೊತ್ತಿರುವುದಕ್ಕೆ ರೈತ ಬೆಲೆ ಕಟ್ಟುತ್ತಾನೆ. ಆ ಬೆಲೆಯನ್ನು ದರದಲ್ಲೇ ಕಳೆದುಕೊಳ್ಳಲೂ ಸಿದ್ಧನಿರುತ್ತಾನೆ.

ಆಲೆಮನೆಯ ಇನ್ನೊಂದು ಬಲ ಅದರ ಹಗುರತನ. ಒಂದು ಗಾಣ, ಒಂದೆರಡು ಕೊಪ್ಪರಿಗೆ, ಉರುವಲಿಗೆ ಆ ಕಬ್ಬಿನದೇ ರಚ್ಚು, ಅಂದರೆ ರಸ ಹಿಂಡಿ ಉಳಿದ ಸಿಪ್ಪೆ. ಟನ್ ಕಬ್ಬಿಗೆ ಸುಮಾರು 100 ಕಿಲೋ ಬೆಲ್ಲ ಇಳಿಯುತ್ತದೆ. ಬೆಲೆ ಬಿದ್ದರೆ ಒಲೆ ಆರಿಸಿ ಮನೆಗೆ ಹೋಗಬಹುದು. ಏರಿದರೆ ನಾಳೆಯೇ ಹಚ್ಚಬಹುದು. ಅಚ್ಚು ಬೆಲ್ಲ ಓಡದಿದ್ದರೆ ಬಕೆಟ್ ಬೆಲ್ಲ, ಅದೂ ಓಡದಿದ್ದರೆ ಪುಡಿ ಬೆಲ್ಲ. ದಿನಕ್ಕೆ ಸಾವಿರಾರು ಟನ್ ಅರೆಯುವ ಕಾರ್ಖಾನೆಗೆ ಇಂಥ ಸ್ವಾತಂತ್ರ್ಯವಿಲ್ಲ. ಬಾಯ್ಲರ್ ಹೊತ್ತಿಸಿದ ಮೇಲೆ ನಿರಂತರವಾಗಿ ಕಬ್ಬು ಬೀಳುತ್ತಲೇ ಇರಬೇಕು, ಬೀಳದಿದ್ದರೆ ಪ್ರತಿ ಗಂಟೆಯೂ ನಷ್ಟ. ಮೈಷುಗರ್ ಹಲವು ವರ್ಷ ನಿಂತು 2022ರಲ್ಲಿ ಮತ್ತೆ ಅರೆಯಲು ತೊಡಗಿದಾಗ ಎದುರಾದ ಕಷ್ಟದಲ್ಲಿ ಯಂತ್ರದ ರಿಪೇರಿಯದು ಒಂದು ಭಾಗ ಮಾತ್ರ. ನಿಂತಿದ್ದ ವರ್ಷಗಳಲ್ಲಿ ಅದರ ಕಬ್ಬು ಬೇರೆ ಕಾರ್ಖಾನೆಗಳಿಗೆ, ಆಲೆಮನೆಗಳಿಗೆ ದಾರಿ ಕಂಡುಕೊಂಡಿತ್ತು. ಯಂತ್ರವನ್ನು ಸರ್ಕಾರದ ಹಣದಿಂದ ಸರಿಪಡಿಸಬಹುದು. ಬೇರೆ ಕಡೆ ಹೊರಳಿದ ಗಾಡಿಯನ್ನು ಹಳೆಯ ಗೇಟಿಗೆ ತರಲು ಅನುದಾನ ಸಾಲದು.

ಹಾಗೆಂದು ಆಲೆಮನೆಯನ್ನು ಹೊಗಳಿ ಅಟ್ಟಕ್ಕೇರಿಸುವಂತಿಲ್ಲ. ಅದು ಗದ್ದೆಯ ಕಡೆಯ ಸಂಬಂಧವನ್ನು ಕಾಪಾಡಿಕೊಂಡಿತು, ಕೊಳ್ಳುವವರ ಕಡೆಯದನ್ನು ಕೈಯಾರೆ ಕೆಡಿಸಿಕೊಂಡಿತು. ಬೆಲ್ಲ ಬೆಳ್ಳಗೆ ಕಾಣಬೇಕೆಂಬ ಪೇಟೆಯ ಚಪಲಕ್ಕೆ ಹೈಡ್ರೋಸ್ ಎಂಬ ಬಿಳುಪಾಗಿಸುವ ರಾಸಾಯನಿಕ ಬಂತು. ಸಕ್ಕರೆ ಅಗ್ಗವಾಗಿ ಬೆಲ್ಲ ತುಟ್ಟಿಯಾದಾಗ ಕೊಪ್ಪರಿಗೆಗೆ ಸಕ್ಕರೆಯ ಮೂಟೆಗಳೇ ಬಿದ್ದವು. ಆಹಾರ ಸುರಕ್ಷತಾ ಅಧಿಕಾರಿಗಳ ದಾಳಿಯ ಸುದ್ದಿ ಜಿಲ್ಲೆಯ ಪುಟಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಅನೇಕ ಆಲೆಮನೆಗಳನ್ನು ಈಗ ಉತ್ತರ ಪ್ರದೇಶದಿಂದ ಬಂದ ಕೆಲಸಗಾರರು ನಡೆಸುತ್ತಾರೆ. ಮಾಲೀಕ ಬೇರೆ, ಬೇಯಿಸುವವರು ಬೇರೆ, ಮಾರುವ ಮಂಡಿ ಬೇರೆ. ಮಂಡಿಯಲ್ಲಿ ಬೆಲ್ಲಕ್ಕೆ ಬಣ್ಣವಿದೆ, ಗಟ್ಟಿತನವಿದೆ, ಯಾರ ಆಲೆಮನೆಯದು ಎಂಬ ವಿಳಾಸವಿಲ್ಲ. ವಿಳಾಸವಿಲ್ಲದ ಸರಕಿನಲ್ಲಿ ಒಳ್ಳೆಯ ಹೆಸರು ಸಂಪಾದಿಸುವುದು ಸಾಧ್ಯವಿಲ್ಲ, ಕೆಟ್ಟ ಹೆಸರು ಮಾತ್ರ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ. ಕೇಂದ್ರದ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಪಟ್ಟಿಯಲ್ಲಿ ಮಂಡ್ಯಕ್ಕೆ ಬೆಲ್ಲವೇ ಸಿಕ್ಕಿದೆ. ಯಂತ್ರಕ್ಕೆ ಸಹಾಯಧನ ಬರುತ್ತದೆ, ಒಳ್ಳೆಯದೇ. ಅಚ್ಚಿನ ಮೇಲೆ ಆಲೆಮನೆಯ ಗುರುತು ಬೀಳುವ ವ್ಯವಸ್ಥೆ ಮೊದಲು ಬಂದಿದ್ದರೆ ಇನ್ನೂ ಒಳ್ಳೆಯದಿತ್ತು ಎನ್ನುವುದು ನನ್ನ ಅಭಿಪ್ರಾಯ.

ಮೈಸೂರಿಗೆ ಹೋದರೆ ಇದೇ ಪ್ರಶ್ನೆಯ ಎರಡು ಬೇರೆ ಮುಖಗಳು ಸಿಗುತ್ತವೆ. ಒಂದು ಊದುಬತ್ತಿ. 1948ರಲ್ಲಿ ಮೈಸೂರಿನಲ್ಲಿ ಎನ್. ರಂಗರಾವ್ ಅವರು ಶುರುಮಾಡಿದ ವ್ಯಾಪಾರ ಇಂದು ಸೈಕಲ್ ಅಗರಬತ್ತಿಯಾಗಿ ಊರೂರಿಗೆ ಗೊತ್ತು. ಇಂಥ ದೊಡ್ಡ ಹೆಸರಿನ ಸುತ್ತ ನಗರದಲ್ಲಿ ನೂರೆಂಟು ಸಣ್ಣ ತಯಾರಕರೂ ಮನೆಯಲ್ಲಿ ಕುಳಿತು ಬತ್ತಿ ಹೊಸೆಯುವ ಹೆಂಗಸರೂ ಇದ್ದರು. ಪರಿಮಳ ನಮ್ಮದೇ ಆದರೂ ಕಡ್ಡಿ ಮಾತ್ರ ವಿಯೆಟ್ನಾಂ, ಚೀನಾಗಳದ್ದಾಯಿತು. ಬಿದಿರು ಕಡ್ಡಿಯ ಆಮದು ಸುಂಕ 2011ರಲ್ಲಿ ಶೇ 30ರಿಂದ 10ಕ್ಕೆ ಇಳಿದ ಮೇಲೆ ಕಡ್ಡಿ ಮಾತ್ರವಲ್ಲ, ಪರಿಮಳ ಹಚ್ಚುವುದೊಂದೇ ಬಾಕಿ ಉಳಿದ ಕಚ್ಚಾ ಬತ್ತಿಯೂ ಹಡಗಿನಲ್ಲಿ ಬಂತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಲೆಕ್ಕದಂತೆ 2009ರಲ್ಲಿ 31 ಕೋಟಿ ರೂಪಾಯಿಯಿದ್ದ ಕಚ್ಚಾ ಬತ್ತಿಯ ಆಮದು 2019ರ ಹೊತ್ತಿಗೆ 546 ಕೋಟಿಗೆ ಏರಿತ್ತು. 2019ರ ಆಗಸ್ಟ್ ಕೊನೆಗೆ ಕೇಂದ್ರ ಸರ್ಕಾರ ಬತ್ತಿಯ ಆಮದನ್ನು ನಿರ್ಬಂಧಿತ ಪಟ್ಟಿಗೆ ಹಾಕಿತು. 2020ರ ಜೂನ್‌ನಲ್ಲಿ ಕಡ್ಡಿಯ ಸುಂಕ ಶೇ 25ಕ್ಕೆ ಏರಿತು. ಎಲ್ಲ ಕಡ್ಡಿಯನ್ನೂ ಹೊರಗಿನಿಂದ ತರುತ್ತಿದ್ದವರು ಒಂದೇ ವರ್ಷದೊಳಗೆ ಎರಡು ಸಲ ತತ್ತರಿಸಿದರು. ಅದೇ ಹೊತ್ತಿಗೆ ಕೊರೊನಾ, ಬಳಿಕ ಕಂಟೇನರುಗಳ ಅಭಾವ.

ಯಾರು ತಡೆದುಕೊಂಡರು? ದುಡ್ಡಿದ್ದವರು ಎಂಬುದು ಸುಲಭದ ಉತ್ತರ. ದುಡ್ಡಿನ ಜೊತೆಗೆ, ಅಗ್ಗದ ವರ್ಷಗಳಲ್ಲೂ ಸ್ಥಳೀಯ ಕಡ್ಡಿಯವರನ್ನು, ಹೊಸೆಯುವವರನ್ನು ಪೂರ್ತಿ ಕೈಬಿಡದೆ ಇಟ್ಟುಕೊಂಡವರಿಗೆ ಹೊರಳಲು ಜಾಗವಿತ್ತು. ಪೈಸೆ ಲೆಕ್ಕ ಹಾಕಿ ಎಲ್ಲವನ್ನೂ ಒಂದೇ ಬಂದರಿಗೆ ಕಟ್ಟಿಹಾಕಿದವರಿಗೆ ಇರಲಿಲ್ಲ. ಕೈಬಿಟ್ಟ ಹೆಂಗಸರು ಅಷ್ಟರಲ್ಲಿ ಗಾರ್ಮೆಂಟ್ಸ್ ಬಸ್ ಹತ್ತಿಯಾಗಿತ್ತು.

ಇನ್ನೊಂದು ಮುಖ ರೇಷ್ಮೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಆರಂಭವಾದ ಮೈಸೂರಿನ ನೇಯ್ಗೆ ಕಾರ್ಖಾನೆ ಇಂದು ರಾಜ್ಯ ಸರ್ಕಾರದ ರೇಷ್ಮೆ ನಿಗಮವಾದ ಕೆಎಸ್‌ಐಸಿಯ ಕೈಯಲ್ಲಿದೆ. ಗೂಡು ಕೊಳ್ಳುವುದು, ತಿ. ನರಸೀಪುರದಲ್ಲಿ ನೂಲು ತೆಗೆಯುವುದು, ನೇಯುವುದು, ತನ್ನದೇ ಮಳಿಗೆಯಲ್ಲಿ ಮಾರುವುದು ಎಲ್ಲವೂ ಒಂದೇ ಸಂಸ್ಥೆಯದು. ಇಲ್ಲಿ ಬೇರೆಯವರನ್ನು ನಂಬುವ ಪ್ರಮೇಯವೇ ಹೆಚ್ಚಿಲ್ಲ, ಹಾಗಾಗಿ ಸೀರೆಯ ಮೇಲೆ ಕೊಳ್ಳುವವರ ನಂಬಿಕೆ ಗಟ್ಟಿ. ಅದಕ್ಕೆ ತೆತ್ತ ಬೆಲೆಯೂ ಕಾಣುತ್ತಿದೆ: ಬೇಡಿಕೆ ಏರಿದಾಗ ಹಿಗ್ಗಲಾಗದೆ, ಮಳಿಗೆಗಳ ಮುಂದೆ ಬೆಳಗಿನ ಜಾವವೇ ಜನ ಸಾಲು ನಿಲ್ಲುತ್ತಾರೆ, ಒಬ್ಬರಿಗೆ ಒಂದೇ ಸೀರೆ ಎಂಬ ನಿಯಮ ಬರುತ್ತದೆ. ಸಾಲನ್ನು ಕಂಡು ಹೆಮ್ಮೆಪಡುವವರಿದ್ದಾರೆ. ನನಗೆ ಮಾತ್ರ ಆ ಸಾಲಿನ ಕೊನೆಯಲ್ಲಿ ಬರಿಗೈಯಲ್ಲಿ ಹೋದವರು ಯಾವ ಅಂಗಡಿಗೆ ಹೋದರು ಎಂಬ ಕುತೂಹಲ.

ಮಂಡ್ಯಕ್ಕೆ ಮರಳೋಣ. ಕಾರ್ಖಾನೆಗಳಿಗೂ ಹೊರಳುವ ದಾರಿಗಳು ಈಚೆಗೆ ಸಿಕ್ಕಿವೆ. ರಚ್ಚಿನಿಂದ ವಿದ್ಯುತ್, ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದಲೂ ರಸದಿಂದಲೂ ಎಥೆನಾಲ್. ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಡಿಸ್ಟಿಲರಿ ಇರುವ ಕಾರ್ಖಾನೆಗೆ ಸಕ್ಕರೆ ಬೆಲೆ ಕುಸಿದಾಗ ಉಸಿರಾಡಲು ಇನ್ನೊಂದು ಕಿಟಕಿ ಇದೆ. ಅದರ ಬೀಗದ ಕೈ ಮಾತ್ರ ದೆಹಲಿಯಲ್ಲಿದೆ. 2023ರ ಡಿಸೆಂಬರ್‌ನಲ್ಲಿ, ಬರದಿಂದ ಕಬ್ಬು ಕಡಿಮೆಯಾದೀತೆಂಬ ಭಯಕ್ಕೆ, ಕಬ್ಬಿನ ರಸದಿಂದ ಎಥೆನಾಲ್ ತೆಗೆಯಕೂಡದೆಂದು ಕೇಂದ್ರ ದಿಢೀರನೆ ಆದೇಶಿಸಿತು. ಹತ್ತು ದಿನ ಕಳೆಯುವುದರೊಳಗೆ ಮಿತಿಯೊಳಗೆ ತೆಗೆಯಬಹುದು ಎಂದಿತು. ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು 2019ರ ಫೆಬ್ರುವರಿಯಲ್ಲಿ ಕಿಲೋಗೆ 31 ರೂಪಾಯಿ ಎಂದು ನಿಗದಿಮಾಡಿ ವರ್ಷಗಟ್ಟಲೆ ಹಾಗೆಯೇ ಬಿಟ್ಟರು. ಅದೇ ಅವಧಿಯಲ್ಲಿ ಕಬ್ಬಿನ ದರ ಕ್ವಿಂಟಲ್‌ಗೆ 275ರಿಂದ 355ಕ್ಕೆ ಬಂತು. ಪೇಟೆಯ ದರ 31ಕ್ಕಿಂತ ಮೇಲೇ ಇದೆಯಾದ್ದರಿಂದ ಕಾರ್ಖಾನೆಗಳ ಅಳು ಪೂರ್ತಿ ನಂಬತಕ್ಕದ್ದಲ್ಲ. ಪೂರ್ತಿ ತಳ್ಳಿಹಾಕತಕ್ಕದ್ದೂ ಅಲ್ಲ. ಮೇಲಿನ ನಿಯಮ ಇಷ್ಟು ಅಲುಗಾಡುವಾಗ ಕಾರ್ಖಾನೆಯು ಆ ಅಲುಗಾಟವನ್ನು ಕೆಳಗಿನ ಕೊಂಡಿಗೆ ದಾಟಿಸುತ್ತದೆ. ಕೆಳಗಿನ ಕೊಂಡಿಯೇ ರೈತ. ಹಣ ಬರುವುದು ತಡವಾಗುತ್ತದೆ, ಪರ್ಮಿಟ್ ತಡವಾಗುತ್ತದೆ. ಹೀಗೆ ದಾಟಿಸುವ ಅನುಕೂಲ ಇರುವತನಕ ತನ್ನೊಳಗೆ ಬದಲಾಗಬೇಕಾದ ತುರ್ತು ಅದಕ್ಕೆ ಹುಟ್ಟುವುದಿಲ್ಲ.

2023ರಲ್ಲಿ ಕೆಆರ್‌ಎಸ್, ಅಂದರೆ ಅದೇ ಕನ್ನಂಬಾಡಿ ಕಟ್ಟೆ, ತುಂಬಲಿಲ್ಲ, ನಾಲೆಯ ನೀರು ನಿಂತಿತು, ಗದ್ದೆಯಲ್ಲಿದ್ದ ಕಬ್ಬು ಕಣ್ಣೆದುರೇ ಬಾಡಿತು. ಮರುಹಂಗಾಮಿನಲ್ಲಿ ಕಬ್ಬಿಗಾಗಿ ಕಾರ್ಖಾನೆಗಳೇ ರೈತರನ್ನು ಹುಡುಕಿಕೊಂಡು ಬರಬೇಕಾಯಿತು. 2025ರಲ್ಲಿ ಜೂನ್ ಮುಗಿಯುವುದರೊಳಗೇ ಅಣೆಕಟ್ಟೆ ತನ್ನ ಪೂರ್ಣ ಮಟ್ಟವಾದ 124.80 ಅಡಿ ಮುಟ್ಟಿತು. ನೀರು ಬಂದ ವರ್ಷ ನೆಟ್ಟದ್ದು ಒಂದು ವರ್ಷಕ್ಕೂ ಮೇಲೆ ಒಟ್ಟಿಗೆ ಕಡಿತಕ್ಕೆ ಬರುತ್ತದೆ. ಆಗ ಹುಡುಕಿಕೊಂಡು ಬರುವ ಸರದಿ ರೈತನದು. ಬರದ ವರ್ಷ ಸಿಕ್ಕ ಮರ್ಯಾದೆ ಸಮೃದ್ಧಿಯ ವರ್ಷಕ್ಕೂ ಉಳಿಯುತ್ತದೆಯೇ ಎಂದು ನೋಡಿದರೆ ಯಾವ ಕಾರ್ಖಾನೆ ಇನ್ನು ಹತ್ತು ವರ್ಷ ಬಾಳುತ್ತದೆ ಎಂದು ಹೇಳಬಹುದು. ಬರದ ವರ್ಷ ಹತ್ತು ರೂಪಾಯಿ ಹೆಚ್ಚು ಕೊಟ್ಟಿದ್ದಕ್ಕಿಂತ, ಸಮೃದ್ಧಿಯ ವರ್ಷ ಹೇಳಿದ ದಿನಕ್ಕೆ ಕಡಿಸಿದ್ದು ರೈತನ ನೆನಪಿನಲ್ಲಿ ನಿಲ್ಲುತ್ತದೆ.

ಮಾಡಬಹುದಾದದ್ದೇನೂ ದೊಡ್ಡದಲ್ಲ. ನಾಟಿಯ ದಿನಾಂಕದ ಪ್ರಕಾರ ಕಟಾವಿನ ಸರದಿಯನ್ನು ಊರಿನ ಹಾಲಿನ ಡೇರಿಯ ಗೋಡೆಗೆ ಅಂಟಿಸಬಹುದು. ಯಾರ ಗದ್ದೆಯನ್ನು ಯಾರು ಹಾರಿದರು ಎಂದು ಊರೇ ನೋಡುತ್ತದೆ. ತೂಕದ ಚೀಟಿ ಮೊಬೈಲಿಗೆ ಆ ಕ್ಷಣವೇ ಬರಬಹುದು. ಕಬ್ಬು ಕಡಿಯುವ ಯಂತ್ರ ತರುತ್ತೇವೆ ಎನ್ನುವವರು ನಮ್ಮ ಅರ್ಧ ಎಕರೆ, ಮುಕ್ಕಾಲು ಎಕರೆಯ ತಾಕುಗಳಲ್ಲಿ ಅದು ಹೇಗೆ ತಿರುಗುತ್ತದೆ ಎಂದು ಮೊದಲು ನೋಡಬೇಕು. ಬದಿಯ ನಾಲ್ಕು ರೈತರು ಒಂದೇ ವಾರ ನೆಟ್ಟರೆ ಯಂತ್ರಕ್ಕೆ ದಾರಿಯಾಗುತ್ತದೆ, ಹಾಗೆ ನೆಡಿಸಲು ಫೀಲ್ಡ್‌ಮನ್ ನಾಟಿಯ ಹೊತ್ತಿಗೇ ಗದ್ದೆಗೆ ಬಂದಿರಬೇಕು. ಈಗ ಅವರು ಬರುವುದು ಕಬ್ಬು ಎದೆಯೆತ್ತರ ಬೆಳೆದ ಮೇಲೆ.

ಈ ಸಲ ನಮ್ಮ ತಂದೆ ಗದ್ದೆಯನ್ನು ಇಬ್ಭಾಗ ಮಾಡಿದ್ದಾರೆ. ಒಂದು ಎಕರೆ ಕಾರ್ಖಾನೆಗೆ ಒಪ್ಪಿಗೆಯಾಗಿದೆ, ಇನ್ನೊಂದು ಎಕರೆಯನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಾರೆ. ಒಪ್ಪಿಗೆ ಪತ್ರವನ್ನು ಮೊನ್ನೆ ನಾನು ಓದಿ ನೋಡಿದೆ. ಸರ್ವೆ ನಂಬರ್, ತಳಿ, ನಾಟಿಯ ದಿನಾಂಕ, ಅಂದಾಜು ಟನ್ ಎಲ್ಲವನ್ನೂ ತುಂಬಿದ್ದಾರೆ. ಕಟಾವಿನ ದಿನಾಂಕ ಎಂಬ ಸಾಲು ಅಚ್ಚಾಗಿದೆ, ಮುಂದಿನ ಜಾಗ ಖಾಲಿ ಇದೆ.